ನಾಲೆ ಏರಿಯ ಮೇಲೆ ಸೈಕಲ್ ಸವಾರಿ

ಸೈಕಲ್ಲಿನಲ್ಲಿ ಪ್ರವಾಸ ಹೊರಡುತ್ತೇನೆ ಎಂದರೆ ಸಾಕು, ಎಲ್ಲರೂ ಮೊದಲು ಕೇಳುವುದು “ಎಷ್ಟು ದೂರ?” ಅಂತ. ನನ್ನನ್ನು ಕೇಳಿದರೆ ದೂರದ ಮಾತು ಕಡೆಗೆ ಬರಬೇಕು. ಬೆನ್ನ ಹಿಂದೆ ಲಾರಿ ಹಾರನ್ನು ಕೇಳುತ್ತಾ, ಎದೆ ಢವಢವ ಎನ್ನುತ್ತಾ 5 ಕಿಲೋಮೀಟರು ಹೋಗುವುದಕ್ಕಿಂತ, ಪಕ್ಕಪಕ್ಕದಲ್ಲೇ ಮಾತಾಡಿಕೊಂಡು 20 ಕಿಲೋಮೀಟರು ಹೋಗಿ ಬರುವುದು ಎಷ್ಟೋ ಸುಲಭ. ಕಾಲು ನೋಯುವುದಿಲ್ಲವೇ ಅಂತೀರಾ? ನೋಯುತ್ತೆ. ಬಿಸಿನೀರು ಹಾಕಿಕೊಂಡರೆ ಹೋಗುತ್ತೆ. ಹೆದರಿಕೆ ಹಾಗೆ ಹೋಗುವಂಥದ್ದಲ್ಲ, ನೋಡಿ. ಒಂದು ಸಲ ಹೆದರಿಕೊಂಡ ಹೆಂಗಸು ಮತ್ತೆ ಸೈಕಲ್ಲು ಮುಟ್ಟುವುದಿಲ್ಲ.

ಹಾಗಾಗಿ ಪ್ರವಾಸದ ಮುಕ್ಕಾಲು ಕೆಲಸ ಮನೆಯಲ್ಲೇ, ಹೊರಡುವ ಮೊದಲೇ ಆಗಬೇಕು. ವಾಹನ ಕಡಿಮೆ ಇರುವ ದಾರಿಯನ್ನು ಹುಡುಕಬೇಕು. ಅದು ಕಷ್ಟದ ವಿದ್ಯೆಯೇನಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವವರಿಗೆ ಇದೂ ಬರುತ್ತೆ.

ನಮ್ಮ ಊರು ಶ್ರೀರಂಗಪಟ್ಟಣ. ನಾನೂ ನನ್ನ ಓರಗಿತ್ತಿಯೂ ಶಾಲೆಗೆ ಹೋಗುವಾಗ ಸೈಕಲ್ ತುಳಿದವರು. ಮದುವೆಯಾದ ಮೇಲೆ ಬಿಟ್ಟುಹೋಯಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ತುಳಿ ಅಂತಲೂ ಅನ್ನಲಿಲ್ಲ. ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ, ನಮ್ಮ ಮನೆಯ ಹೆಣ್ಣುಮಗುವಿಗೂ ಒಂದು ಬಂತು. ಅವಳು ಕಾಲೇಜಿಗೆ ಹೋದಳು, ಸೈಕಲ್ಲು ಗೋಡೆಗೆ ಒರಗಿತು. ಒಂದು ದಿನ ಓರಗಿತ್ತಿ ಅದರ ಧೂಳು ಒರೆಸುತ್ತಾ, “ಅಕ್ಕ, ತೊಣ್ಣೂರು ಕೆರೆ ತನಕ ಹೋಗಿ ಬರೋಣವಾ?” ಎಂದಳು. ಇನ್ನೊಂದು ಸೈಕಲ್ಲನ್ನು ಪಕ್ಕದ ಮನೆಯವರಿಂದ ತಂದೆವು.

ಮನೆಯಲ್ಲಿ ಎರಡು ಷರತ್ತು ಬಂದವು. ನಮ್ಮ ಮನೆಯವರು, “ಹೈವೇಗೆ ಮಾತ್ರ ಹೋಗಕೂಡದು” ಎಂದರು. ಅತ್ತೆಯವರು, “ಯಾರೂ ಇಲ್ಲದ ಕಡೆ ಹೋಗಬೇಡಿ, ನಿರ್ಜನ ಜಾಗ ಒಳ್ಳೇದಲ್ಲ” ಎಂದರು. ಮೇಲ್ನೋಟಕ್ಕೆ ಈ ಎರಡು ಮಾತೂ ಒಂದಕ್ಕೊಂದು ಹೊಂದುವುದಿಲ್ಲ. ವಾಹನ ಇಲ್ಲದ ಕಡೆ ಜನರೂ ಇರುವುದಿಲ್ಲ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಆದರೆ ಕೂತು ಯೋಚಿಸಿದರೆ, ಇಬ್ಬರೂ ಹೇಳಿದ್ದು ಸರಿಯೇ. ಹೆಂಗಸರಿಗೆ ಬೇಕಾದ ದಾರಿ ಎಂದರೆ ಅದೇ: ಗಾಡಿ ಇರಬಾರದು, ಜನ ಇರಬೇಕು. ಗಂಡಸರು ಬರೆದ ಸೈಕಲ್ ಪ್ರವಾಸದ ಲೇಖನಗಳಲ್ಲಿ ಮೊದಲನೆಯದನ್ನು ಮಾತ್ರ ಹೇಳಿರುತ್ತಾರೆ. “ಮೈಲುಗಟ್ಟಲೆ ಒಂದು ನರಪಿಳ್ಳೆಯೂ ಸಿಗಲಿಲ್ಲ, ಆಹಾ!” ಎಂದು ಬರೆಯುತ್ತಾರೆ. ಅವರಿಗೆ ಆಹಾ. ನಮಗಲ್ಲ.

ಈಗ ಹುಡುಕುವ ಬಗೆ. ಯಾವುದೇ ರಸ್ತೆಯ ಬಗ್ಗೆ ನಾನು ಮೊದಲು ಕೇಳಿಕೊಳ್ಳುವುದು, ಇದರ ಆ ತುದಿಯಲ್ಲಿ ಏನಿದೆ ಎಂದು. ಜಲ್ಲಿ ಕ್ರಷರ್ ಇದ್ದರೆ ರಸ್ತೆ ಎಷ್ಟೇ ಚಿಕ್ಕದಿರಲಿ, ಟಿಪ್ಪರುಗಳು ಓಡಾಡುತ್ತವೆ. ಗಾರ್ಮೆಂಟ್ಸ್ ಇದ್ದರೆ ಬೆಳಿಗ್ಗೆ ಎಂಟರ ಹೊತ್ತಿಗೆ ವ್ಯಾನುಗಳು. ಸಕ್ಕರೆ ಕಾರ್ಖಾನೆ ಇದ್ದರೆ, ಕಬ್ಬು ಅರೆಯುವ ತಿಂಗಳುಗಳಲ್ಲಿ ರಸ್ತೆಯ ಅಗಲಕ್ಕಿಂತ ಹೆಚ್ಚು ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು. ದೊಡ್ಡ ದೇವಸ್ಥಾನ ಇದ್ದರೆ ಆಯಾ ದೇವರ ವಾರ ನೋಡಿಕೊಳ್ಳಬೇಕು. ಆ ತುದಿಯಲ್ಲಿ ಇನ್ನೊಂದು ಹಳ್ಳಿ, ಅದರಾಚೆ ಗದ್ದೆ, ಅದರಾಚೆ ಹೊಳೆ, ಸೇತುವೆ ಇಲ್ಲ ಎಂದರೆ, ಅದು ನಮ್ಮ ದಾರಿ. ವಾಹನದವರಿಗೆ ಎಲ್ಲಿಗೂ ಕರೆದೊಯ್ಯದ ರಸ್ತೆಯೇ ಸೈಕಲ್ಲಿನವರಿಗೆ ರಾಜಬೀದಿ.

ಈ ಲೆಕ್ಕದಲ್ಲಿ ನಮ್ಮ ಊರಿನವರು ಪುಣ್ಯವಂತರು. ಶ್ರೀರಂಗಪಟ್ಟಣ ದ್ವೀಪ, ಕಾವೇರಿ ಪಡುವಲಲ್ಲಿ ಎರಡಾಗಿ ಒಡೆದು ಮೂಡಲಲ್ಲಿ ಒಂದಾಗುತ್ತಾಳೆ. ದೂರ ಹೋಗುವ ವಾಹನಗಳು ಸೇತುವೆ ಇರುವ ಕಡೆ ಮಾತ್ರ ದ್ವೀಪವನ್ನು ಅಡ್ಡಡ್ಡ ದಾಟಿ ಹೋಗಬೇಕು. ಉದ್ದುದ್ದಕ್ಕೆ ಹೋಗುವ ದಾರಿ ಕಡೆಗೆ ನೀರಿನಲ್ಲಿ ಮುಗಿಯುತ್ತದೆ. 1784ರ ದರಿಯಾ ದೌಲತ್ ಅರಮನೆಯ ಮುಂದಿನಿಂದ ಗಂಜಾಂ, ಅಲ್ಲಿಂದ ಹೈದರ್ ಅಲಿ, ಟಿಪ್ಪು ಇಬ್ಬರನ್ನೂ ಮಣ್ಣು ಮಾಡಿರುವ ಗುಂಬಜ್, ಕಡೆಗೆ ಸಂಗಮ. ಸಂಗಮದಿಂದ ಮುಂದೆ ತೆಪ್ಪ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಕಡೆ ಸೋಮವಾರ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಹಾಲಿನ ಕ್ಯಾನು ಕಟ್ಟಿಕೊಂಡವರು, ಹೂ ಕೊಯ್ಯುವವರು, ಎಮ್ಮೆ ಮೈ ತೊಳೆಯಲು ಹೊರಟವರು. ಭಾನುವಾರ ಹೋದರೆ ಅದೇ ರಸ್ತೆಯಲ್ಲಿ ಪ್ರವಾಸಿಗರ ಕಾರು, ಬಸ್ಸು. ಅಮಾವಾಸ್ಯೆ, ಅದರಲ್ಲೂ ಮಹಾಲಯ ಅಮಾವಾಸ್ಯೆಯಂದು ಅಸ್ಥಿ ಬಿಡುವವರು, ಪಿಂಡ ಹಾಕುವವರು ಎಲ್ಲೆಲ್ಲಿಂದಲೋ ಬಂದಿರುತ್ತಾರೆ. ಗಂಜಾಮಿನ ನಿಮಿಷಾಂಬ ದೇವಸ್ಥಾನಕ್ಕೆ ಹುಣ್ಣಿಮೆ, ಶುಕ್ರವಾರ ನಾವೇ ಸಾಲುಗಟ್ಟಿ ಹೋಗುತ್ತೇವಲ್ಲ! ಅಂದ್ರೆ, ದಾರಿ ಹುಡುಕುವವರು ನಕ್ಷೆಯಷ್ಟೇ ಪಂಚಾಂಗವನ್ನೂ ನೋಡಬೇಕು.

ಹೊಸದಾಗಿ ತುಳಿಯುವವರು ಮೊದಲ ನಾಲ್ಕು ದಿನ ಇಂಥ ಕಡೆಯೇ ಅಭ್ಯಾಸ ಮಾಡಲಿ. ಆಮೇಲೆ ಹೊಳೆ ದಾಟಬಹುದು.

ಹೊಳೆ ದಾಟುವುದು ಎಂದೆನಲ್ಲ, ಅಲ್ಲೇ ಇರುವುದು ತೊಡಕು. ನದಿ, ರೈಲು ಹಳಿ, ಹೆದ್ದಾರಿ ಈ ಮೂರನ್ನೂ ಎಲ್ಲೆಂದರಲ್ಲಿ ದಾಟಲಾಗುವುದಿಲ್ಲ. ಎಲ್ಲ ದಾರಿಗಳೂ ಒಂದು ಸೇತುವೆಗೋ ಗೇಟಿಗೋ ಬಂದು ಕೂಡುತ್ತವೆ. ನೀವು 18 ಕಿಲೋಮೀಟರು ಎಷ್ಟೇ ಒಳ್ಳೆಯ ದಾರಿ ಹುಡುಕಿದರೂ, ನಡುವಿನ ಅರ್ಧ ಕಿಲೋಮೀಟರು ಸೇತುವೆಯ ಮೇಲೆ ಬಸ್ಸಿನ ಜೊತೆ ಹೋಗಬೇಕಾದರೆ ಪ್ರಾಣ ಬಾಯಿಗೆ ಬರುತ್ತದೆ. ಆದ್ದರಿಂದ ನಾನು ಮೊದಲು ದಾಟುವ ಜಾಗ ಗುರುತು ಮಾಡುತ್ತೇನೆ, ಆಮೇಲೆ ಅವುಗಳ ನಡುವೆ ದಾರಿ ಹೊಂದಿಸುತ್ತೇನೆ. ರಂಗೋಲಿ ಹಾಕುವವರು ಮೊದಲು ಚುಕ್ಕಿ ಇಟ್ಟ ಹಾಗೆ. ನಮ್ಮೂರಿನ ಉತ್ತರದ ಕವಲಿಗೆ 1804ರ ಹೊತ್ತಿಗೆ ಮುಗಿದ, ದಿವಾನ್ ಪೂರ್ಣಯ್ಯನವರ ಕಾಲದ ವೆಲ್ಲೆಸ್ಲಿ ಸೇತುವೆ ಇದೆ. ಕಲ್ಲಿನ ಕಂಬ, ಕಲ್ಲಿನ ತೊಲೆ. ಹೆದ್ದಾರಿಯ ಸೇತುವೆ ಬೇರೆ ಇರುವುದರಿಂದ ಅವಸರದವರೆಲ್ಲ ಅತ್ತ ಹೋಗುತ್ತಾರೆ. ನಿಮ್ಮ ಊರಲ್ಲೂ ಹೊಸ ಸೇತುವೆಯ ಪಕ್ಕ ಇಂಥದೊಂದು ಹಳೆಯದು ಇದೆಯೇ ನೋಡಿ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹಳೆಯ ಸೇತುವೆಗಳ ಮೇಲೆ ಯಾರನ್ನೂ ಬಿಡುವುದಿಲ್ಲ, ಆ ವಿಚಾರ ವಿಚಾರಿಸಿಕೊಂಡು ಹೊರಡಿ.

ಹೆದ್ದಾರಿಯ ಮಾತು ಬಂತು. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ 2023ರ ಮಾರ್ಚ್ 12ರಂದು ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರು, ಎಂಜಿನ್ ಇಲ್ಲದ ಗಾಡಿಗಳು ಬರಕೂಡದೆಂದು ಆಜ್ಞೆ ಆಯಿತು. ಅಂದರೆ ಸೈಕಲ್ಲೂ ಹೋಗುವ ಹಾಗಿಲ್ಲ, ಪಕ್ಕದ ಸರ್ವಿಸ್ ರಸ್ತೆಯೇ ಗತಿ. ಅಷ್ಟು ವೇಗದ ಕಾರುಗಳ ನಡುವೆ ಸೈಕಲ್ ಬೇಡ ಎಂಬುದು ನನಗೂ ಒಪ್ಪಿಗೆ. ಆದರೆ ಅಂಥ ರಸ್ತೆ ಬಂದ ಮೇಲೆ ಅದು ಊರಿಗೆ ಗೋಡೆ ಕಟ್ಟಿದ ಹಾಗೆ. ಮನೆ ಈಚೆ, ಗದ್ದೆ ಆಚೆ ಇರುವವರು ಕೆಳಸೇತುವೆ ಹುಡುಕಿಕೊಂಡು ಸುತ್ತಬೇಕು. ದಾರಿಯಲ್ಲಿ ಸಿಕ್ಕ ಒಬ್ಬ ಅಜ್ಜಿ, ಸೊಪ್ಪಿನ ಹೊರೆ ಹೊತ್ತವರು, “ಮುಂಚೆ ದಾಟ್ಬುಟ್ಟು ಹೋಗ್ತಿದ್ದೆ ಕನವ್ವಾ. ಈಗ ಸುತ್ಕಂಡ್ ಬರೋದ್ರೊಳ್ಗೆ ಸೊಪ್ಪು ಬಾಡೋಯ್ತದೆ” ಎಂದರು. ನಮಗೆ ಅದು ಒಂದು ದಿನದ ಸುತ್ತು. ಅವರಿಗೆ ದಿನವೂ.

ಇನ್ನು ನಾಲೆ ಏರಿಯ ವಿಷಯ. ಇದನ್ನು ಹೇಳಲೆಂದೇ ಇಷ್ಟು ಪೀಠಿಕೆ.

ಮಂಡ್ಯ ಸೀಮೆಯಲ್ಲಿ ನಾಲೆಗಳಿಗೆ ಬರವಿಲ್ಲ. ಶ್ರೀರಂಗಪಟ್ಟಣಕ್ಕೆ ನೀರು ತರುವ ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು, ಅವರು ಆಳಿದ್ದು 1638ರಿಂದ 1659ರವರೆಗೆ. ಅದು ಹೊಳೆಯ ಮೇಲೆಯೇ ಮೇಲ್ಗಾಲುವೆಯಲ್ಲಿ ಹಾಯ್ದು ದ್ವೀಪಕ್ಕೆ ಬರುತ್ತದೆ, ಹೊಳೆಯ ಮೇಲೊಂದು ಹೊಳೆ! ಎಡದಂಡೆಯ ಚಿಕ್ಕದೇವರಾಜ ಸಾಗರ ನಾಲೆ ಚಿಕ್ಕದೇವರಾಜ ಒಡೆಯರ ಹೆಸರಿನದು. ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಎಲ್ಲಕ್ಕೂ ದೊಡ್ಡದು; ಮೊದಲು ಅದಕ್ಕೆ ಇರ್ವಿನ್ ನಾಲೆ ಎಂಬ ಹೆಸರಿತ್ತು.

ಸೈಕಲ್ಲಿಗೆ ನಾಲೆ ಏರಿ ಏಕೆ ಒಳ್ಳೆಯದು ಗೊತ್ತೇ? ನೀರು ಗುಡ್ಡ ಹತ್ತಲಾರದು. ಇಳಿಜಾರು ಕಡಿದಾಗಿದ್ದರೆ ದಂಡೆ ಕೊಚ್ಚಿಹೋಗುತ್ತದೆ. ಹಾಗಾಗಿ ಇಂಜಿನಿಯರುಗಳು ನೆಲದ ಮಟ್ಟ ಹಿಡಿದು, ದಿಣ್ಣೆ ಬಂದ ಕಡೆ ಬಳಸಿ, ತೀರಾ ಸ್ವಲ್ಪ ಇಳಿಜಾರಿನಲ್ಲಿ ನಾಲೆಯನ್ನು ಒಯ್ದಿರುತ್ತಾರೆ. ಏರಿಯ ಮೇಲಿನ ದಾರಿಯೂ ಹಾಗೆಯೇ ಚಪ್ಪಟೆ. ನಲವತ್ತೈದು ದಾಟಿದ ಮಂಡಿಗೆ ಇದಕ್ಕಿಂತ ಬೇರೆ ಉಪಕಾರ ಬೇಕೇ? ಬಳಸಿಕೊಂಡು ಹೋಗುವುದರಿಂದ ದೂರ ಹೆಚ್ಚಾಗುತ್ತದೆ. ಅದೇ ಕಾರಣಕ್ಕೆ ಅವಸರದ ಕಾರಿನವರು ಅಲ್ಲಿಗೆ ಬರುವುದಿಲ್ಲ. ಸಾಮಾನ್ಯವಾಗಿ ಒಂದು ಕಡೆ ಮರದ ಸಾಲು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ. ಮತ್ತೆ, ಅತ್ತೆಯವರ ಷರತ್ತೂ ನಡೆಯುತ್ತದೆ: ನೀರಿದ್ದ ಕಡೆ ಜನ ಇದ್ದೇ ಇರುತ್ತಾರೆ. ಬಟ್ಟೆ ಒಗೆಯುವವರು, ನಾಟಿ ಹಾಕುವವರು, ತೂಬು ನೋಡುವ ನೀರಗಂಟಿ.

ಹಾಗಂತ ಕಣ್ಣು ಮುಚ್ಚಿ ಹೋಗುವ ಜಾಗವಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡರು, ಅದರಲ್ಲಿ ಶಾಲೆಯ ಮಕ್ಕಳೂ ಇದ್ದರು. ಈ ಸೀಮೆಯಲ್ಲಿ ಅದನ್ನು ಯಾರೂ ಮರೆತಿಲ್ಲ. ನಾಲೆ ಏರಿಯಲ್ಲಿ ಹೋಗುವವರು ನೀರಿನ ಅಂಚು ಬಿಟ್ಟು ಗದ್ದೆಯ ಮಗ್ಗುಲಿಗೇ ಇರಬೇಕು. ಎದುರಿಗೆ ಟ್ರ್ಯಾಕ್ಟರು ಬಂದರೆ ಇಳಿದು, ಸೈಕಲ್ಲು ನಿಲ್ಲಿಸಿ ದಾರಿ ಬಿಡಬೇಕು. ಇಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ಕತ್ತಲಾದ ಮೇಲೆ ಏರಿ ಬೇಡವೇ ಬೇಡ. ಸೋಪಾನಕ್ಕೆ ಇಳಿದು ಕಾಲು ತೊಳೆಯುವ ಆಸೆಯನ್ನು, ನಾಲೆ ತುಂಬಿ ಹರಿಯುವಾಗ, ಅದುಮಿಕೊಳ್ಳಿ. ಮೇಲಿಂದ ಶಾಂತವಾಗಿ ಕಂಡರೂ ಸೆಳವು ಬಲು ಜೋರು.

ಮೊಬೈಲಿನ ನಕ್ಷೆಯಲ್ಲಿ ದಾರಿ ಕೇಳಿದರೆ ಅದು ಬೇಗ ಮುಟ್ಟುವ ದಾರಿ ತೋರಿಸುತ್ತದೆ, ಅಂದರೆ ಕಾರಿನ ದಾರಿ. ನಾನು ಅದರಲ್ಲಿ ಮೇಲಿಂದ ತೆಗೆದ ಚಿತ್ರವನ್ನು ಮಾತ್ರ ನೋಡುತ್ತೇನೆ. ನಾಲೆ ಕಡುಹಸಿರು ಗೆರೆಯ ಹಾಗೆ ಕಾಣುತ್ತದೆ, ಪಕ್ಕದಲ್ಲೇ ಏರಿಯ ತೆಳು ಬಿಳಿ ಗೆರೆ. ಆ ಗೆರೆಯನ್ನು ಬೆರಳಿನಿಂದ ಹಿಡಿದುಕೊಂಡು ಹೋಗಬೇಕು. ವಿಶ್ವೇಶ್ವರಯ್ಯ ನಾಲೆಯನ್ನು ಹೀಗೆ ಹಿಡಿದು ಹೋದರೆ ಹುಲಿಕೆರೆಯಲ್ಲಿ ಗೆರೆ ಥಟ್ಟನೆ ಮಾಯವಾಗುತ್ತದೆ. ಏಕೆಂದರೆ ಅಲ್ಲಿ ನಾಲೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸುರಂಗದಲ್ಲಿ ಹೋಗುತ್ತದೆ. ನೀರು ನೆಲದೊಳಗೆ ಹೋಯಿತು, ನಾವು ದಿಣ್ಣೆಯ ಮೇಲೆ ಸೈಕಲ್ಲು ತಳ್ಳಬೇಕು! ಇಂಥದ್ದು ಮನೆಯಲ್ಲೇ ಗೊತ್ತಾದರೆ ಬಿಸಿಲು ಏರುವ ಮುಂಚೆ ಆ ಜಾಗ ದಾಟುವ ಹಾಗೆ ಹೊತ್ತು ಹೊಂದಿಸಿಕೊಳ್ಳಬಹುದು.

ನಕ್ಷೆ ಅರ್ಧ, ಕೇಳುವುದು ಅರ್ಧ. ಯಾರನ್ನು ಕೇಳಬೇಕು ಎಂಬುದರಲ್ಲಿ ಜಾಣತನ ಇದೆ. ಕಾರಿನವರನ್ನು ಕೇಳಬೇಡಿ, ಅವರಿಗೆ ದೊಡ್ಡ ರಸ್ತೆ ಬಿಟ್ಟು ಬೇರೆ ಗೊತ್ತಿಲ್ಲ. ನೀರಗಂಟಿಗೆ ಏರಿ ಎಲ್ಲಿ ಕುಸಿದಿದೆ, ಎಲ್ಲಿ ನಾಲೆ ರಿಪೇರಿಗೆ ಯಂತ್ರ ನಿಂತಿದೆ ಎಲ್ಲ ಗೊತ್ತು. ಅವರಿಗಿಂತಲೂ ಒಳ್ಳೆಯ ಉತ್ತರ ಕೊಡುವವರು ಹಳ್ಳಿಯ ಆಶಾ ಕಾರ್ಯಕರ್ತೆ, ಅಂಗನವಾಡಿಯವರು. ಅವರು ಹೆಂಗಸರು, ಒಂಟಿಯಾಗಿ ಎಲ್ಲ ಹೊತ್ತಿನಲ್ಲೂ ಓಡಾಡುವವರು. “ಆ ದಾರೀಲಿ ನೀವೊಬ್ಬರೇ ಹೋಗ್ತೀರಾ?” ಅಂತ ಕೇಳಿ. “ಹೋಗ್ತೀನಿ” ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಡ. “ಹಗಲಲ್ಲಿ ಹೋಗ್ತೀನಿ, ಆದ್ರೆ ಆ ತೋಪಿನ ಹತ್ರ ಇಸ್ಪೀಟಾಡ್ತಾ ಕೂತಿರ್ತಾರೆ” ಅಂದರೆ, ಆ ತೋಪನ್ನು ಬಿಟ್ಟು ಬೇರೆ ದಾರಿ ನೋಡಿ. ಇದು ಯಾವ ನಕ್ಷೆಯಲ್ಲೂ ಬರೆದಿರುವುದಿಲ್ಲ.

ಆಮೇಲೂ ಅನುಮಾನ ಇದ್ದರೆ, ಬಸ್ಸಿನಲ್ಲೋ ನಡೆದೋ ಒಮ್ಮೆ ಅಲ್ಲಿಗೆ ಹೋಗಿ, ಮರದ ಕೆಳಗೆ ಕೂತು 15 ನಿಮಿಷ ಗಡಿಯಾರ ನೋಡಿಕೊಂಡು ಗಾಡಿ ಎಣಿಸಿ. ನೀವು ಹೊರಡಬೇಕೆಂದಿರುವ ಹೊತ್ತಿನಲ್ಲೇ ಎಣಿಸಬೇಕು. ಐದಾರು ಬೈಕು, ಒಂದು ಟ್ರ್ಯಾಕ್ಟರು ಆದರೆ ಚಿಂತೆಯಿಲ್ಲ. ಎರಡು ಲಾರಿ ಕಂಡರೆ ನಾನು ಆ ರಸ್ತೆ ಬಿಡುತ್ತೇನೆ. ಬೆಳಿಗ್ಗೆ ಆರರಿಂದ ಎಂಟು ಒಳ್ಳೆಯ ಹೊತ್ತು. ಡೇರಿಗೆ ಹಾಲು ಹಾಕುವವರು ಎಲ್ಲ ಊರಲ್ಲೂ ಬೀದಿಯಲ್ಲಿರುತ್ತಾರೆ. ಎಂಟರಿಂದ ಒಂಬತ್ತೂವರೆ ಶಾಲೆ ವ್ಯಾನುಗಳ ಹೊತ್ತು. ಮಕ್ಕಳನ್ನು ಕರೆದೊಯ್ಯುವವರಿಗೇ ಅಷ್ಟು ಅವಸರ ಏಕೋ! ಆ ಹೊತ್ತಿಗೆ ನಾವು ಎಲ್ಲಾದರೂ ತಿಂಡಿಗೆ ಕೂತುಬಿಡುತ್ತೇವೆ.

ತಿಂಡಿಗೆ ಗೊಜ್ಜವಲಕ್ಕಿ ಒಯ್ದರೆ ಕೆಡುವುದಿಲ್ಲ, ಚೆಲ್ಲುವುದಿಲ್ಲ. ಹುರಿಗಡಲೆ, ಬೆಲ್ಲದ ಚೂರು ಜೇಬಿನಲ್ಲೇ ಇರಲಿ. ಚೂಡಿದಾರ್ ಆದರೆ ದುಪಟ್ಟಾ ಸೊಂಟಕ್ಕೆ ಬಿಗಿಯಿರಿ, ಸೀರೆಯಾದರೆ ಚೈನಿಗೆ ಕವರ್ ಇರುವ ಸೈಕಲ್ಲೇ ಆಗಬೇಕು. ಪಂಪು, ಒಂದು ಹಳೆ ಟ್ಯೂಬು ಇರಲಿ. ಇನ್ನೊಂದು ಮಾತು, ಸಂಕೋಚ ಬಿಟ್ಟು ಹೇಳುತ್ತೇನೆ: ಎರಡು ಗಂಟೆಗೊಮ್ಮೆ ಬಚ್ಚಲು ಸಿಗುವ ಹಾಗೆ ದಾರಿ ಹಾಕಿಕೊಳ್ಳಿ. ದೊಡ್ಡ ರಸ್ತೆಯ ಪೆಟ್ರೋಲ್ ಬಂಕು, ಹೋಬಳಿ ಊರಿನ ಬಸ್ ನಿಲ್ದಾಣ, ನೆಂಟರ ಮನೆ, ಯಾವುದಾದರೂ ಸರಿ. ಇದಕ್ಕೆ ಹೆದರಿ ನೀರು ಕುಡಿಯದೆ ತುಳಿದು ತಲೆನೋವು ತಂದುಕೊಳ್ಳುವವರೇ ಹೆಚ್ಚು.

ಪಾಂಡವಪುರದ ಕಡೆಗೆ ಹೋಗುವ ದೊಡ್ಡ ರಸ್ತೆ ನಾಗಮಂಗಲದ ಕಡೆಯ ಹೆದ್ದಾರಿಯೂ ಹೌದು. ಅದನ್ನು ದಾಟುವ ಕಡೆ ಮಾತ್ರ ಮುಟ್ಟಿ, ಮಿಕ್ಕಿದ್ದೆಲ್ಲ ನಾಲೆ ಏರಿ, ಹಳ್ಳಿ ರಸ್ತೆಗಳಲ್ಲೇ ಹೋದೆವು. ನೇರ ದಾರಿಗಿಂತ ಸುಮಾರು 7 ಕಿಲೋಮೀಟರು ಹೆಚ್ಚಾಯಿತು. ತೊಣ್ಣೂರಿನಲ್ಲಿ ನಂಬಿನಾರಾಯಣನ ದರ್ಶನ ಆಯಿತು. ಕೆರೆಯ ನೀರು ಆ ಕಾಲಕ್ಕೆ ತಿಳಿಯಾಗಿ, ಗುಡ್ಡದ ನೆರಳು ಬಿದ್ದು, ನೋಡಲು ಬಲು ಚೆನ್ನ. ಆದರೂ ನೆನಪಿನಲ್ಲಿ ಉಳಿದದ್ದು ಕೆರೆಗಿಂತ ದಾರಿಯೇ. ಓರಗಿತ್ತಿ ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅಡಿಗೆಮನೆಯಲ್ಲಿ ಆಡದ ಮಾತುಗಳನ್ನು ಆ ಏರಿಯ ಮೇಲೆ ಆಡಿದಳು. ಹಿಂದಿನಿಂದ ಯಾವ ಹಾರನ್ನೂ ಅವಳ ಮಾತನ್ನು ಕತ್ತರಿಸಲಿಲ್ಲ.

ನಾಲೆ ಇಲ್ಲದ ಊರಿನವರು ಏನು ಮಾಡಬೇಕು ಎಂದು ಕೇಳಬಹುದು. ಗಂಗಾವತಿ, ಸಿಂಧನೂರಿನವರಿಗೆ ತುಂಗಭದ್ರಾ ಎಡದಂಡೆ, ದಾವಣಗೆರೆಯವರಿಗೆ ಭದ್ರಾ ನಾಲೆ ಇದೆ. ಉಡುಪಿ ಕಡೆಯವರಿಗೆ ಮಲ್ಪೆಯಿಂದ ತೆಂಕಲಿಗೆ ಪಡುಕೆರೆ, ಮಟ್ಟು. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಹೊಳೆ, ನಡುವೆ ಕಿರಿದಾದ ನೆಲ. ದೂರದ ಲಾರಿಗಳೆಲ್ಲ ಒಳಗಿನ ಹೆದ್ದಾರಿಯಲ್ಲೇ ಹೋಗುತ್ತವೆ. ಮಟ್ಟು ಗುಳ್ಳ ಬದನೆ ಬೆಳೆಯುವ ಊರು ಅದೇ. 2011ರಲ್ಲಿ ಆ ಬದನೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬರುವಾಗ ಹ್ಯಾಂಡಲ್ಲಿಗೆ ಒಂದು ಚೀಲ ತೂಗಿಸಿಕೊಂಡು ಬರಬಹುದು. ಮಲೆನಾಡಿನವರಿಗೆ ಮಾತ್ರ ನಾನು ಧೈರ್ಯ ಹೇಳಲಾರೆ. ಅಲ್ಲಿ ಗುಡ್ಡದ ನಡುವೆ ಇರುವುದೇ ಒಂದು ರಸ್ತೆ, ಬಸ್ಸೂ ಅದರಲ್ಲೇ, ನಾವೂ ಅದರಲ್ಲೇ. ಬಯಲಿನಲ್ಲಿ ಪಳಗಿದ ಮೇಲೆ ನೋಡೋಣ.

ಡಿಸೆಂಬರ್, ಜನವರಿಯಲ್ಲಿ ಹೊರಡುವವರಿಗೆ ಒಂದು ಎಚ್ಚರಿಕೆ. ನಮ್ಮ ಕಡೆ ಆಗ ರಾಗಿ, ಹುರುಳಿಯನ್ನು ರಸ್ತೆಗೇ ಹರಡುತ್ತಾರೆ, ಗಾಡಿಗಳು ಹಾಯ್ದು ಕಾಳು ಉದುರಲಿ ಎಂದು. ಬೈಕಿನವರು ಜಾರಿ ಬೀಳುವುದುಂಟು. ನಮ್ಮ ಸೈಕಲ್ಲಿಗೆ ಹುರುಳಿಯ ಬಳ್ಳಿ ಚೈನಿನಲ್ಲಿ, ಹಿಂದಿನ ಚಕ್ರದಲ್ಲಿ ಜಡೆ ಹೆಣೆದ ಹಾಗೆ ಸುತ್ತಿಕೊಂಡಿತು. ನಾವು ಬಾಗಿ ಬಿಡಿಸುತ್ತಾ ಇದ್ದಾಗ ಕಣ ಕಾಯುತ್ತಿದ್ದ ಹೆಂಗಸು ಕುಡುಗೋಲು ಹಿಡಿದುಕೊಂಡೇ ಎದ್ದು ಬಂದರು. ಎರಡೇ ಎಳೆತಕ್ಕೆ ಎಲ್ಲ ಕತ್ತರಿಸಿ ತೆಗೆದು, ಚಕ್ರ ತಿರುಗಿಸಿ ನೋಡಿ, “ಬರೋವಾಗ ಆ ಹುಣಸೆಮರದ ಪಕ್ಕದ ದಾರೀಲಿ ಬನ್ನಿ ಕನ್ರವ್ವಾ. ಅಲ್ಲಿ ರಾಗಿ ಹಾಕವ್ರೆ, ಹುರುಳಿ ಇಲ್ಲ” ಎಂದರು.